ಗಾಬರಿಯಾಗುವ ಅಗತ್ಯವಿಲ್ಲ

ಜೂನ್ 12, ಬುಧವಾರ

ಬೆಳಿಗ್ಗೆಯಿಂದ ಮೈಕಿನಲ್ಲಿ ಮೂರು ಘೋಷಣೆ ಓದಿದೆ. ಹನ್ನೊಂದರ ತನಕ ನಲ್ಲಿಯಲ್ಲಿ ನೀರು ಬರುವುದಿಲ್ಲ. ಎರಡನೇ ಶಿಫ್ಟಿನ ಬಸ್ ತಡ. ಕ್ಯಾಂಟೀನಿನಲ್ಲಿ ಯಾರದೋ ಕನ್ನಡಕ ಸಿಕ್ಕಿದೆ. ಮೂರಕ್ಕೂ ಅದೇ ಪಲ್ಲವಿ — "ನಿವಾಸಿಗಳ ಗಮನಕ್ಕೆ. ಗಾಬರಿಯಾಗುವ ಅಗತ್ಯವಿಲ್ಲ." ಕನ್ನಡಕ ಸಿಕ್ಕಿದ್ದಕ್ಕೆ ಯಾರಪ್ಪಾ ಗಾಬರಿಯಾಗುತ್ತಾರೆ? ಆದರೆ ಮ್ಯಾನೇಜರ್ ಸಾಹೇಬರ ಆರ್ಡರ್. ಕಾರ್ಖಾನೆಯ ಹಾರ್ನಿನಿಂದ ಏನೇ ಹೊರಡಲಿ, ಆ ಮಾತು ಮೊದಲು ಹೊರಡಬೇಕು.

ಮಧ್ಯಾಹ್ನ ಕೆಳಗಿನ ಲೈನಿಗೆ, ಕಾರ್ಮಿಕರ ಮನೆಸಾಲಿನಲ್ಲಿರುವ ಅಕ್ಕನ ಮನೆಗೆ ಊಟಕ್ಕೆ ಹೋದೆ. ಭಾವ ಬಾಗಿಲಲ್ಲೇ ಶುರು ಮಾಡಿದರು: "ನಿವಾಸಿಗಳ ಗಮನಕ್ಕೆ. ಗಾಬರಿಯಾಗುವ ಅಗತ್ಯವಿಲ್ಲ. ಅನ್ನ ತಳ ಹಿಡಿದಿದೆ." ಅಕ್ಕ ಸೌಟು ಎತ್ತಿ ತೋರಿಸಿದಳು. ಅಪ್ಪ ಬಿದ್ದು ಬಿದ್ದು ನಕ್ಕರು. ಆಮೇಲೆ ಹೇಳಿದರು, "ಹಾರ್ನಲ್ಲಿ ನಿನ್ನ ದನಿ ಕೇಳಿದ್ರೆ ನಂಗೆ ಕಣ್ಣು ಎಳೆಯುತ್ತೆ ಕಣೇ. ಮೊದಲ ಮಾತು ಕೇಳ್ತೀನಿ. ಆಮೇಲೆ ನಿದ್ದೆ." ಹೊಗಳಿಕೆ ಅಂತಲೇ ತಗೊಂಡೆ. ಲೈನಿನವರು ನನ್ನನ್ನು ಮೈಕಮ್ಮ ಅನ್ನುತ್ತಾರೆ. ಕೆಟ್ಟ ಹೆಸರೇನಲ್ಲ.

ಮೈಕ್ ರೂಮಿನ ಕಿಟಕಿ ಕಟ್ಟೆಯನ್ನು ಹೊಸ ಎಂಜಿನಿಯರ್ ಆಕ್ರಮಿಸಿದ್ದಾನೆ. ಲೈನಿನ ಬೆನ್ನಿಗೇ, ಕಾರ್ಖಾನೆಯ ಕೆಸರು ತುಂಬಿಡುವ ಕೆರೆಯ ಏರಿ ಇದೆಯಲ್ಲ — ಹುಲ್ಲು ಬೆಳೆದು ಗುಡ್ಡದ ಥರ ಕಾಣುವುದು — ಅದರ ಬುಡದಲ್ಲಿ ಜಿನುಗುವ ನೀರನ್ನು ದಿನಾ ಒಂದು ಬಾಟಲಿ ಹಿಡಿದು ಇಲ್ಲಿ ಸಾಲಾಗಿ ಇಡುತ್ತಾನೆ. ಇಲ್ಲಿ ಬೆಳಕು ಚೆನ್ನಾಗಿದೆಯಂತೆ. ಅವನಿಗೆ "ಬಾಟಲಿ" ಅಂತ ಹೆಸರಿಟ್ಟಿದ್ದೇನೆ. ಏರಿ ಜಿನುಗಬಹುದಾ ಅಂತ ಕೇಳಿದೆ.

"ಎಲ್ಲಾ ಏರಿನೂ ಜಿನುಗುತ್ತೆ ಮೇಡಂ. ತಿಳಿಯಾಗಿದ್ರೆ ಪರವಾಗಿಲ್ಲ. ಕದಡಿ ಬಂತೋ, ಏರಿಯ ಮಣ್ಣೇ ಒಳಗಿಂದ ಕೊಚ್ಚಿಕೊಂಡು ಬರ್ತಿದೆ ಅಂತ ಲೆಕ್ಕ."

ಎಲ್ಲ ಬಾಟಲಿಯೂ ತಿಳಿಯಾಗಿಯೇ ಇತ್ತು. ಕುಡಿಯೋಣ ಅನ್ನಿಸುವಷ್ಟು.

ಜೂನ್ 20, ಗುರುವಾರ

ಸಂಜೆ ಎಲ್ಲರ ಮೊಬೈಲಿಗೂ ಒಂದು ಆಡಿಯೋ ಬಂದಿತ್ತು. ಹೆಂಗಸಿನ ದನಿ — "ಏರಿ ಒಡೀತು, ಓಡಿ!" ಯಾರ ಚೇಷ್ಟೆಯೋ. ಲೈನಿಗೆ ಲೈನೇ ಎದ್ದು ಮೇಲಕ್ಕೆ ಹತ್ತುವ ಮೆಟ್ಟಿಲಿಗೆ ನುಗ್ಗಿತು. ಇರುವುದೇ ಒಂದು ಮೆಟ್ಟಿಲ ಸಾಲು, ಅದೂ ಕಿರಿದು. ಲೈನಿಗೆಲ್ಲ ಹಾಲು ಹಾಕುವ ಹಾಲಿನಜ್ಜಿ ಬಿದ್ದಳು. ಅವಳ ಮೇಲೆ ಇನ್ನಿಬ್ಬರು. ಅಜ್ಜಿಯ ಸೊಂಟ ಮುರಿದಿದೆ.

ಏರಿಗೆ ಏನೂ ಆಗಿರಲಿಲ್ಲ.

ಸಾಹೇಬರು ಆಸ್ಪತ್ರೆಯ ವರಾಂಡದಲ್ಲಿ ಸಿಕ್ಕರು. ಕಣ್ಣು ಕೆಂಪಾಗಿತ್ತು. "ನೋಡಿದ್ರಾ? ಕೆಸರು ಯಾರನ್ನೂ ಮುಟ್ಟಲಿಲ್ಲ. ಗಾಬರಿ ಮುಟ್ಟಿತು." ನಿಜ.

ಅಜ್ಜಿ ನನ್ನ ಕೈ ಹಿಡಿದು ಕೇಳಿದಳು, "ಅದು ನೀನಲ್ವಾ ಮೈಕಮ್ಮಾ? ಹೆಣ್ಣು ದನಿ ಕೇಳಿದ ಕೂಡ್ಲೇ ನೀನೇ ಅಂದ್ಕೊಂಡು ಎದ್ದುಬಿಟ್ಟೆ." ಅಲ್ಲಜ್ಜಿ, ನಾನಲ್ಲ ಅಂದೆ.

ಜೂನ್ 22, ಶನಿವಾರ

ಉಪಾಯ ನನ್ನದೇ. ಬರೆದಿಡುತ್ತೇನೆ, ಜಂಬ ಅಂದರೂ ಸರಿ.

ಮೀಟಿಂಗಿನಲ್ಲಿ ಎಲ್ಲರೂ ತಲೆ ಕೆರೆದುಕೊಳ್ಳುತ್ತಿದ್ದರು — ನಮ್ಮ ಮಾತು ಯಾವುದು, ಸುಳ್ಳು ಯಾವುದು ಅಂತ ಜನಕ್ಕೆ ಗೊತ್ತಾಗುವುದು ಹೇಗೆ? ನಾನಂದೆ, ಗುರುತು ಇದೆಯಲ್ಲ ಸರ್. ನಮ್ಮದು ಶುರುವಾಗುವ ರೀತಿ ಚಿಕ್ಕ ಮಗುವಿಗೂ ಬಾಯಿಪಾಠ. ಸಾಹೇಬರು ಮೇಜು ತಟ್ಟಿದರು. ಆಗಿಂದಾಗಲೇ ರೆಕಾರ್ಡ್ ಮಾಡಿದೆವು:

"ನಿವಾಸಿಗಳ ಗಮನಕ್ಕೆ. ಗಾಬರಿಯಾಗುವ ಅಗತ್ಯವಿಲ್ಲ. ನಮ್ಮ ಘೋಷಣೆ ಯಾವಾಗಲೂ ಹೀಗೇ ಶುರುವಾಗುತ್ತದೆ. ಹೀಗೆ ಶುರುವಾಗದ ಯಾವ ಮಾತನ್ನೂ ನಂಬಬೇಡಿ. ಮನೆಗಳಲ್ಲೇ ಇರಿ."

ಒಂದೇ ಟೇಕ್. ಜೇನು ಸುರಿದ ಹಾಗೆ ಬಂತು. ಸಾಹೇಬರ ಮೇಜಿಗೂ ಒಂದು ಗುಂಡಿ ಹಾಕಿಸಿದ್ದಾರೆ. ಒತ್ತಿದರೆ ಈ ರೆಕಾರ್ಡ್ ಎಲ್ಲ ಹಾರ್ನಿನಲ್ಲೂ ಹೋಗುತ್ತದೆ, ನನ್ನ ಮೈಕ್ ತಾನಾಗಿ ಬಂದ್ ಆಗುತ್ತದೆ — ಯಾವನಾದರೂ ಕಿಡಿಗೇಡಿ ಮೈಕ್ ರೂಮಿಗೆ ನುಗ್ಗಿದರೆ ಅಂತ. "ನುಗ್ಗಲಿ ಸರ್, ಬೇಜಾರಾಗಿದೆ, ಟೀ ಕೊಡ್ತೀನಿ" ಅಂದೆ. ಎಲ್ಲ ನಕ್ಕರು.

ಜೂನ್ 27

ಲೈನಿನ ಮಕ್ಕಳು ಹೊಸ ಆಟ ಕಲಿತಿವೆ. ಒಬ್ಬ "ಓಡಿ!" ಅಂತ ಕೂಗಬೇಕು. ಉಳಿದವರು ಚಪ್ಪಾಳೆ ತಟ್ಟಿ "ಗಾಬರಿ ಅನ್ನಲಿಲ್ಲ, ಸುಳ್ಳು! ಸುಳ್ಳು!" ಅನ್ನಬೇಕು. ಓಡಿದವನು ಸೋತ. ಅಪ್ಪ ಮೆಟ್ಟಿಲ ಮೇಲೆ ಕೂತು ಅಂಪೈರು.

ಪಾಠ ಚೆನ್ನಾಗಿ ಹತ್ತಿದೆ.

ಜುಲೈ 9, ಮಂಗಳವಾರ

ಬಹಳ ದಿನ ಬರೆಯಲಿಲ್ಲ. ಮಳೆ ನಿಂತೇ ಇಲ್ಲ.

ಬೆಳಿಗ್ಗೆ ಕಟ್ಟೆ ಕಡೆ ನೋಡಿದೆ. ಕೊನೆಯ ಬಾಟಲಿ ಅಕ್ಕಿ ತೊಳೆದ ನೀರಿನ ಹಾಗಿದೆ. ಪಕ್ಕದ್ದು ಅದಕ್ಕಿಂತ ಸ್ವಲ್ಪ ವಾಸಿ. ಅದರ ಪಕ್ಕದ್ದು ತಿಳಿ. ಸಾಲಾಗಿ ನೋಡಿದರೆ ದಿನದಿಂದ ದಿನಕ್ಕೆ ಕದಡುತ್ತಾ ಬಂದಿದೆ.

ಬಾಟಲಿ ತನ್ನ ವರದಿ ಕೊಟ್ಟ. "ಟರ್ಬಿಡಿಟಿಯಲ್ಲಿ (ಕದಡುವಿಕೆ) ಗಮನಾರ್ಹ ಏರಿಕೆ. ವೈಫಲ್ಯದ ಸಂಭವನೀಯತೆ ಕಡಿಮೆಯಿಂದ ಮಧ್ಯಮ."

"ಇದನ್ನ ಓದಿ ಯಾರಪ್ಪಾ ಹಾಸಿಗೆ ಬಿಟ್ಟು ಏಳ್ತಾರೆ?" ಅಂದೆ. "ನಿಮ್ಮಮ್ಮ ಕೆಳಗಿನ ಲೈನಲ್ಲಿದ್ದಿದ್ರೆ ಏನು ಬರೀತಿದ್ರಿ?"

ಕೊನೆಯ ಬಾಟಲಿಯ ಮುಚ್ಚಳ ಬಿಗಿ ಮಾಡಿದ. "ಬರೀತಿರ್ಲಿಲ್ಲ ಮೇಡಂ. ಹೋಗಿ ಕರ್ಕೊಂಡು ಬರ್ತಿದ್ದೆ."

ಜುಲೈ 11, ಗುರುವಾರ

ಘೋಷಣೆ ನಾನೇ ಬರೆದುಕೊಂಡು ಹೋದೆ. "ಏರಿಯಿಂದ ಕದಡಿದ ನೀರು ಬರುತ್ತಿದೆ. ಒಡೆಯುತ್ತದೋ ಇಲ್ಲವೋ ನಮಗೆ ಇನ್ನೂ ಗೊತ್ತಿಲ್ಲ. ಗೊತ್ತಾಗುವ ತನಕ ಎಲ್ಲರೂ ಮೇಲಿನ ಶಾಲೆಯಲ್ಲಿ ಮಲಗಿ. ಔಷಧಿ ಇಟ್ಟುಕೊಳ್ಳಿ. ಮುದುಕರನ್ನು ಮೊದಲು ಕಳಿಸಿ."

ಸಾಹೇಬರು ಎರಡು ಸಲ ಓದಿದರು. "'ಗೊತ್ತಿಲ್ಲ' ಅಂತ ನಾವೇ ಹೇಳೋದಾ?"

"ಗೊತ್ತಿಲ್ಲವಲ್ಲ ಸರ್."

"ಆ ಅಜ್ಜಿ ಆಸ್ಪತ್ರೆಯಿಂದ ಮನೆಗೆ ಬಂದ್ರೂ ಇನ್ನೂ ಹಾಸಿಗೆ ಬಿಟ್ಟು ಎದ್ದಿಲ್ಲ. ಮತ್ತೆ ಅದೇ ಮೆಟ್ಟಿಲಿಗೆ ಎಲ್ಲರನ್ನೂ ನುಗ್ಗಿಸ್ತೀರಾ? ಭಾನುವಾರ ತಜ್ಞರು ಬರ್ತಾರೆ. ನೋಡಿ ಹೇಳ್ತಾರೆ. ಅಲ್ಲಿ ತನಕ..." ಕೆಂಪು ಪೆನ್ನು ತೆಗೆದರು. ಎತ್ತು ಏರಿಗೆ, ಕೋಣ ನೀರಿಗೆ. ಉಳಿದದ್ದು ಇಷ್ಟು: "ಗಾಬರಿಯಾಗುವ ಅಗತ್ಯವಿಲ್ಲ. ಏರಿಯ ನಿರ್ವಹಣೆ ನಡೆಯುತ್ತಿದೆ. ಸಹಕರಿಸಿ."

ಓದಿದೆ. ಸಿಹಿಯಾಗಿಯೇ ಓದಿದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಸಂಜೆ ಅಕ್ಕನ ಮನೆ. ಅಪ್ಪನ ಹತ್ತಿರ ಕೂತು ಹೇಳಿದೆ, ನಾಲ್ಕು ದಿನ ಮೇಲೆ ನನ್ನ ಕ್ವಾರ್ಟರ್ಸಿಗೆ ಬನ್ನಿ, ಅಕ್ಕ ಭಾವನೂ ಬರಲಿ. ಅಪ್ಪ ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಬೆಳಿಗ್ಗೆ ಹಾರ್ನಲ್ಲಿ ಗಾಬರಿ ಬೇಡ ಅಂದೆ. ಸಂಜೆ ಮನೆಗೆ ಬಂದು ಗಾಬರಿ ಪಡು ಅಂತೀಯ. ಯಾವ ಮಗಳನ್ನ ನಂಬ್ಲಿ?"

"ಇವಳನ್ನ ನಂಬಿ."

"ಸರಿ. ನಾನು ಚೀಲ ಹಿಡ್ಕೊಂಡು ಹೊರಟ್ರೆ ಪಕ್ಕದ ಮನೆಯೋರು ಸುಮ್ನಿರ್ತಾರಾ? ಮೈಕಮ್ಮನ ಅಪ್ಪನೇ ಖಾಲಿ ಮಾಡಿದ ಅಂತ ಹೊರಡ್ತಾರೆ. ಇಲ್ಲಾ, ಹೊರಡೋಕೆ ಜಾಗ ಇಲ್ದೆ ನನ್ನ ಮುಖ ನೋಡ್ತಾರೆ. ಎಲ್ಲರಿಗೂ ಹೇಳು, ಎಲ್ಲರ ಜೊತೆ ಬರ್ತೀನಿ." ಮಂಡಿ ಉಜ್ಜಿಕೊಳ್ಳುತ್ತಾ ಹೇಳಿದರು. ಆ ಮಂಡಿಯಲ್ಲಿ ಭಾವನ ಹೆಗಲಿಲ್ಲದೆ ಮೂರು ಮೆಟ್ಟಿಲೂ ಹತ್ತಲಾರರು.

ಬರುವಾಗ ಅಳು ಬಂತು. ಸಿಟ್ಟೂ ಬಂತು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ ಅಂತಲೇ ಹೆಚ್ಚು ಸಿಟ್ಟು.

ಜುಲೈ 14, ಭಾನುವಾರ. ಬೆಳಿಗ್ಗೆ ಏಳು ದಾಟಿದೆ

ಬಾಟಲಿ ಓಡಿ ಬಂದ. ಬರಿಗೈ. ಮೈಯೆಲ್ಲ ಕೆಸರು.

"ಇವತ್ತಿನ ಬಾಟಲಿ ಎಲ್ಲಿ?"

"ಬಾಟಲೀಲಿ ಹಿಡಿಯೋ ಹಾಗಿಲ್ಲ ಮೇಡಂ. ತೊಡೆ ಗಾತ್ರ ಬರ್ತಿದೆ."

ಸಾಹೇಬರಿಗೆ ಫೋನ್. ತಜ್ಞರನ್ನು ಕರೆತರಲು ಹೋಗುತ್ತಿದ್ದಾರೆ, ದಾರಿಯಲ್ಲಿದ್ದಾರೆ. "ತಿರುಗಿ ಬರ್ತೀನಿ. ನಾನು ಬರೋ ತನಕ ಒಂದು ಅಕ್ಷರ ಆಡ್ಬೇಡಿ." ಬಾಟಲಿ ಮರಳು ಮೂಟೆಗೆ ಆಳು ಕೂಡಿಸಲು ಓಡಿದ. ಈ ಪುಸ್ತಕ ಬ್ಯಾಗಿನಲ್ಲೇ ಇತ್ತು. ಬರೆದಿಡುತ್ತೇನೆ. ಯಾವಾಗ ಏನು ಹೇಳಿದೆ ಅಂತ ನಾಳೆ ಯಾರಾದರೂ ಕೇಳಿಯೇ ಕೇಳುತ್ತಾರೆ.

ಕಾಯುವುದಿಲ್ಲ. ಹೇಳುತ್ತೇನೆ. ಆದರೆ ಹೇಗೆ ಶುರು ಮಾಡಲಿ? ಆ ಮಾತು ಹೇಳಿದರೆ ಯಾರೂ ಮುಂದೆ ಕೇಳುವುದಿಲ್ಲ. ಹೇಳದಿದ್ದರೆ ಯಾರೂ ನಂಬುವುದಿಲ್ಲ. ನಾನೇ ತೋಡಿದ ಹಳ್ಳ.

ಸ್ವಲ್ಪ ಹೊತ್ತಾದ ಮೇಲೆ

ಹೇಳಿದೆ. "ಕೆಳಗಿನ ಲೈನಿನವರೇ, ಏರಿ ಒಡೆಯಬಹುದು. ಈಗಲೇ ಮೇಲಿನ ಶಾಲೆಗೆ ಹೊರಡಿ." ಎರಡು ಸಲ.

ಕಿಟಕಿಯಿಂದ ಲೈನು ಪೂರಾ ಕಾಣುತ್ತದೆ. ಮಳೆ ಬಿಟ್ಟಿದೆ ಅಂತ ಬಟ್ಟೆ ಒಣಹಾಕುತ್ತಿದ್ದ ಹೆಂಗಸು ಹಾರ್ನಿನ ಕಂಬದ ಕಡೆ ಕತ್ತೆತ್ತಿದಳು. ಮತ್ತೆ ಬಟ್ಟೆ ಹಿಂಡಿದಳು. ಮಕ್ಕಳು ಅಂಗಳಕ್ಕೆ ಬಂದವು. ಚಪ್ಪಾಳೆ. ಇಲ್ಲಿಗೆ ಕೇಳಿಸುವುದಿಲ್ಲ, ಆದರೆ ಗೊತ್ತು — ಸುಳ್ಳು, ಸುಳ್ಳು.

ಅಕ್ಕನ ಫೋನ್. "ಏನೇ ಇದು, ಯಾರೋ ನಿನ್ನ ಥರಾನೇ ಮಾತಾಡ್ತಿದಾರೆ! ಗಾಬರಿ ಬೇಡ ಅನ್ನಲಿಲ್ಲ."

"ನಾನೇ ಕಣೇ ಅಕ್ಕ. ಹೊರಡು."

"ನಿಜವಾಗ್ಲೂ?"

"ಅಪ್ಪನಾಣೆ."

ಅವಳು ಅಪ್ಪನನ್ನು ಕೂಗಿದ್ದು ಕೇಳಿಸಿತು. ಆಮೇಲೆ, "ಅಪ್ಪ ಏಳ್ತಿಲ್ಲ. ದನಿ ನಕಲು ಮಾಡೋರು ಬೇಕಾದಷ್ಟಿದಾರೆ ಅಂತಿದಾರೆ. ಫೋನೂ ತಗೊಳ್ತಿಲ್ಲ."

ಏಳೂ ಮುಕ್ಕಾಲು ಇರಬಹುದು

ಜೇನು ದನಿ ಬಿಟ್ಟೆ. ಮನೆಯ ದನಿಯಲ್ಲಿ ಕೂಗಿದೆ, ಎಲ್ಲ ಹಾರ್ನಿನಲ್ಲೂ —

"ಅಪ್ಪಾ, ನಾನು, ನಿಮ್ಮ ಚಿಕ್ಕವಳು. ಆವತ್ತು ನಿಮ್ಮ ಕನ್ನಡಕದ ಮೇಲೆ ಕೂತಿದ್ದು ಬೆಕ್ಕಲ್ಲ. ನಾನೇ. ಪಾಪದ ಬೆಕ್ಕನ್ನ ಸುಮ್ನೆ ಹೊರಗೆ ಹಾಕಿದ್ರಿ. ಈಗ ಏಳಿ. ನಂಗೆ ಗಾಬರಿಯಾಗಿದೆ ಅಪ್ಪಾ. ನೀವೂ ಗಾಬರಿಯಾಗಿ. ಹಾಲಿನಜ್ಜೀನ ಕುರ್ಚಿ ಸಮೇತ ಎತ್ಕೊಳ್ರಪ್ಪಾ ಯಾರಾದ್ರೂ. ನುಗ್ಗಬೇಡಿ, ಮುದುಕರು ಮೊದಲು. ದಮ್ಮಯ್ಯ, ಏಳಿ."

ಬಟ್ಟೆಯ ಹೆಂಗಸಿನ ಕೈ ನಿಂತಿದೆ.

ಅಕ್ಕನ ಮನೆ ಬಾಗಿಲು ತೆರೆಯಿತು. ಭಾವ. ಭಾವನ ಹೆಗಲಲ್ಲಿ ಅಪ್ಪ!

ಅವರನ್ನು ನೋಡಿ ಪಕ್ಕದ ಮನೆ. ಅದನ್ನು ನೋಡಿ ಅದರಾಚೆಯದು. ಕುರ್ಚಿಯಲ್ಲಿ ಅಜ್ಜಿ ಬರುತ್ತಿದ್ದಾಳೆ, ನಾಲ್ಕು ಜನ ಹೊತ್ತಿದ್ದಾರೆ. ಯಾರೂ ನುಗ್ಗುತ್ತಿಲ್ಲ. ಸಾಲಾಗಿ. ಸಾಹೇಬರೇ, ನೋಡಿ, ನಿಜ ಹೇಳಿದರೆ ಜನ ಸಾಲಾಗಿ ಬರುತ್ತಾರೆ. ಅಳುತ್ತಾ ಬರೆಯುತ್ತಿದ್ದೇನೆ. ಮೈಕಿನಲ್ಲಿ ಬನ್ನಿ ಬನ್ನಿ ಅನ್ನುತ್ತಲೇ ಇದ್ದೇನೆ.

ಅಪ್ಪ ಮೆಟ್ಟಿಲ ಅರ್ಧಕ್ಕೆ ಬಂದರು.

ನಿಂತರು.

ಎಲ್ಲರೂ ನಿಂತರು. ಯಾಕೆ...

ಹಾರ್ನಿನಲ್ಲಿ ನಾನು. ಆದರೆ ನನ್ನ ಬಾಯಿ ಮುಚ್ಚಿದೆ. ಮೈಕಿನ ಕೆಂಪು ದೀಪ ಆರಿದೆ. ಕೆಳಗೆ ಸಾಹೇಬರ ಕಾರು ನಿಂತಿದೆ. "ನಿವಾಸಿಗಳ ಗಮನಕ್ಕೆ. ಗಾಬರಿಯಾಗುವ ಅಗತ್ಯವಿಲ್ಲ..." ಎಷ್ಟು ಸಿಹಿಯಾಗಿ ಹೇಳುತ್ತಿದ್ದೇನೆ. "ಹೀಗೆ ಶುರುವಾಗದ ಯಾವ ಮಾತನ್ನೂ ನಂಬಬೇಡಿ..."

ಸಾಹೇಬರು ಫೋನ್ ಎತ್ತುತ್ತಿಲ್ಲ. ಅಕ್ಕನೂ.

ಮೆಟ್ಟಿಲ ಮೇಲೆ ಯಾರೋ ನಕ್ಕರು. ಕುರ್ಚಿ ತಿರುಗಿತು. ಅಪ್ಪ ಈ ಕಿಟಕಿಯ ಕಡೆ ನೋಡಿ ಕೈ ಆಡಿಸಿದರು, ಸರಿ ಬಿಡು ಅನ್ನುವ ಹಾಗೆ. ಭಾವನ ಹೆಗಲು ಹಿಡಿದು ಇಳಿಯುತ್ತಿದ್ದಾರೆ. ಅಕ್ಕ ಒಬ್ಬಳೇ ಅವರ ತೋಳು ಹಿಡಿದು ಮೇಲಕ್ಕೆ ಎಳೆಯುತ್ತಿದ್ದಾಳೆ.

ಕಿಟಕಿಯಿಂದ ಕೂಗಿದೆ. ಹಾರ್ನಿನ ನಾನು ಈ ನನ್ನನ್ನು ನುಂಗಿಬಿಟ್ಟಳು.

ಓಡುತ್ತೇನೆ. ಅಲ್ಲಿಗೇ ಹೋಗಿ ಎಳೆದುಕೊಂಡು ಬರುತ್ತೇನೆ. ಕಟ್ಟೆಯ ಮೇಲೆ ಬಾಟಲಿಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತಿವೆ. ಯಾರೂ ಮುಟ್ಟಿಲ್ಲ. ನೆಲ