ತಟ್ಟೆಯಾದ ಗ್ಯಾಲಕ್ಸಿ

ಮಾರ್ಚ್ ೯, ಭಾನುವಾರ

ಪುಟ್ಟಿಯ ಅಮ್ಮನಿಗೆ,

ನೀವಿಬ್ಬರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ. ಬೈದುಕೋ, ಆದರೆ ಇದನ್ನು ಪೂರ್ತಿ ಓದಿದ ಮೇಲೆ ಬೈದುಕೋ. ಫೋನಿನಲ್ಲಿ ಹೇಳಲು ಹೋದರೆ ನಿನಗೆ ಆಸ್ಪತ್ರೆಯ ಡ್ಯೂಟಿಗೆ ಹೊತ್ತಾಗುತ್ತದೆ, ನಾನು ಮಳೆ-ಬಿಸಿಲಿನ ಮಾತಾಡಿ ಫೋನ್ ಇಟ್ಟುಬಿಡುತ್ತೇನೆ.

ಸುದ್ದಿ ಏನೆಂದರೆ, ನಮ್ಮ ಗ್ಯಾಲಕ್ಸಿ ಕೊನೆಗೂ ಆಕಾಶಗಂಗೆಯ ಹಾಗೆ ಚಪ್ಪಟೆ ತಟ್ಟೆಯಾಯಿತು. ನಿನಗೆ ಗೊತ್ತೇ ಇದೆ, ಇಷ್ಟು ವರ್ಷ ಕಂಪ್ಯೂಟರಿನೊಳಗೆ ನಾವು ಹುಟ್ಟಿಸಿದ್ದೆಲ್ಲ ಬರೀ ಉಂಡೆ. ಅನಿಲವೆಲ್ಲ ಅವಸರಕ್ಕೆ ಬಿದ್ದು ನಡುವಿಗೆ ಕುಸಿದು, ಅಲ್ಲೇ ಒಂದೇ ಸಲಕ್ಕೆ ನಕ್ಷತ್ರಗಳಾಗಿ ಮುಗಿದುಹೋಗುತ್ತಿತ್ತು. ದೊಡ್ಡ ನಕ್ಷತ್ರಗಳು ಸಿಡಿದು ಸಾಯುವಾಗ ಸುತ್ತಲಿನ ಅನಿಲವನ್ನು ಎಷ್ಟು ದೂರ ನೂಕುತ್ತವೆ ಎಂಬುದನ್ನು ನಾವು ತೀರಾ ಕಡಿಮೆ ಅಂದಾಜು ಮಾಡಿದ್ದೆವು. ಅದನ್ನು ಸರಿಪಡಿಸಿದ ಮೇಲೆ, ಹೊರಗೆ ಹೋದ ಅನಿಲ ನಿಧಾನವಾಗಿ ಸುತ್ತುತ್ತಾ ಮರಳಿ ಬಂತು, ಅಗಲವಾಗಿ ಹರಡಿಕೊಂಡು ನಿಂತಿತು. ಸತ್ತ ನಕ್ಷತ್ರಗಳು ಬಿಟ್ಟುಹೋದ ಆಮ್ಲಜನಕ, ಕಬ್ಬಿಣ ತಟ್ಟೆಯ ನಡುವೆ ಹೆಚ್ಚು, ಅಂಚಿಗೆ ಹೋದಂತೆ ಕಡಿಮೆ. ದೂರದರ್ಶಕದಿಂದ ನಿಜವಾದ ಗ್ಯಾಲಕ್ಸಿಗಳನ್ನು ಅಳೆದವರಿಗೂ ಹಾಗೇ ಕಂಡಿದೆ.

“ಸರ್, ತಟ್ಟೆ ಕುಸೀದೆ ನಿಂತಿದೆ! ಬೇಗ ಬನ್ನಿ!” ಎಂದು ನಮ್ಮ ಕಿರಿಯ ಸಂಶೋಧಕಿ ಕಾರಿಡಾರಿನ ಆ ತುದಿಯಿಂದ ಕೂಗಿದಳು. ಎಲ್ಲರೂ ತಬ್ಬಿಕೊಂಡರು. ನಾನು ಒಂದು ಕುರ್ಚಿ ಹುಡುಕಿ ಕೂತೆ. ಖುಷಿ ಬರುತ್ತದೆಂದು ಕಾದೆ, ಬಂದದ್ದು ಆಕಳಿಕೆ. ನಗಬೇಡ.

ಸಂಜೆ ಮುಖ್ಯಸ್ಥರು ತಮ್ಮ ಕೋಣೆಗೆ ಕರೆದರು. “ಇದು ಒಂದೇ ಗ್ಯಾಲಕ್ಸಿ ಆಯ್ತಲ್ಲ. ಇನ್ನು ಚಿಕ್ಕದು, ದೊಡ್ಡದು ಎಲ್ಲಾ ಮಾಡಿ ನೋಡ್ಬೇಕು. ನೀವಿಲ್ದೆ ಆಗಲ್ಲ,” ಎಂದರು.

“ನಾನು ಮನೆಗೆ ಹೋಗ್ತೀನಿ, ಸರ್.”

“ಹೋಗ್ಬನ್ನಿ, ಹೋಗ್ಬನ್ನಿ. ಒಂದು ವಾರ ಸಾಕಾ?”

“ಹೋಗಿ ಬರೋದಕ್ಕಲ್ಲ ಸರ್. ಹೋಗೋದಕ್ಕೇ ಹೇಳ್ತಿರೋದು.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ತಲೆ ಕೆಟ್ಟಿದೆಯೇನ್ರೀ? ನಿಜವಾದ ಕೆಲಸ ಶುರುವಾಗೋದೇ ಈಗ!”

“ಕೆಟ್ಟಿಲ್ಲ ಸರ್. ಸುಸ್ತಾಗಿದೆ, ಅಷ್ಟೇ.”

ರಾಜೀನಾಮೆ ಕೊಟ್ಟಾಯಿತು. ತಿಂಗಳ ಕೊನೆಗೆ ಬರುತ್ತೇನೆ. ಅಲ್ಲಿಯ ಯಾವುದಾದರೂ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕರೂ ಸಿಗಬಹುದು. ಸಿಗುವ ತನಕ ಅಡುಗೆಮನೆ ನನ್ನದು. ನಿಮ್ಮಿಬ್ಬರ ಹೊಟ್ಟೆಯ ಗತಿ ದೇವರಿಗೇ ಗೊತ್ತು.

ಪುಟ್ಟಿಗೆ ನನ್ನ ಆಶೀರ್ವಾದ, ಎರಡು ಕೆನ್ನೆಗೂ ಮುತ್ತು. ನೀನು ಡ್ಯೂಟಿ ಮುಗಿಸಿ ಬಂದವಳೇ ಕಾಲು ಚಾಚಿ ಮಲಗು. ಪಾತ್ರೆಗಳು ಹಾಗೇ ಇರಲಿ.

ನಿನ್ನವನೇ ಆದ
ಪುಟ್ಟಿಯ ಅಪ್ಪ

ತಾ.ಕ.: ಸುಸ್ತಾಗಿದೆ ಎಂದು ಅವರಿಗೆ ಹೇಳಿದ್ದು ಸುಳ್ಳಲ್ಲ. ಆದರೆ ಹೋದ ಭಾನುವಾರ ಪುಟ್ಟಿ ಫೋನಿನಲ್ಲಿ, “ಅಪ್ಪಾ, ನೀವು ಊಟ ಮಾಡಿದ್ರಾ?” ಎಂದಳು. ನಾನು ಅಲ್ಲಿದ್ದಾಗ ಬೆನ್ನ ಮೇಲೆ ಹತ್ತಿ, “ಏ ಅಪ್ಪಾ, ನಡಿಯೋ” ಎನ್ನುತ್ತಿದ್ದವಳು. ಆ ಬಹುವಚನ ನೀನು ಹೇಳಿಕೊಟ್ಟದ್ದಾದರೆ, ದಯವಿಟ್ಟು ಮರೆಸಿಬಿಡು. ಅವಳೇ ಕಲಿತದ್ದಾದರೆ, ನನಗೆ ಹೇಳಬೇಡ.