ಕೆಟ್ಟ ತಕ್ಕಡಿಯನ್ನು ಸರಿಮಾಡಿದ ತಪ್ಪಿಗೆ

ಬೇಸಿಗೆ ಸಂಶೋಧನಾ ಶಿಬಿರದ ಆಯ್ಕೆ ಸಮಿತಿಗೆ ಅಧ್ಯಕ್ಷರಾಗಿ ಕುಳಿತಿರುವ ಮಾನ್ಯರೇ,

ಭೂಮಿಯನ್ನು ತೂಗಿ ನೋಡಿದವನು ನಾನು. ಬೇಕಾದರೆ ನಮ್ಮ ಬೀದಿಯಲ್ಲಿ ಯಾರನ್ನಾದರೂ ಕೇಳಿ, ಹೌದೆನ್ನುತ್ತಾರೆ. ಇಲ್ಲವೆಂದರೆ ಇನ್ನೊಂದು ಗಂಟೆ ನನ್ನ ಮಾತು ಕೇಳಬೇಕಾಗುತ್ತದೆಂಬ ಭಯ ಅವರಿಗೆ. ಅಂಥ ನಾನು, ಏಳನೇ ಕ್ಲಾಸು ಓದಿದ ತಕ್ಕಡಿ ರಿಪೇರಿಯವನು, ನೇರವಾಗಿ ಹೇಳುತ್ತೇನೆ: ನನ್ನ ತಂಗಿಯ ಮಗಳು ಅಂಕಿಗಳನ್ನು ಕಟ್ಟಿ ಹೇಳಿದಳೆಂದು ನೀವು ಬರೆದು ಕಳಿಸಿದ್ದೀರಿ. ನಮ್ಮ ಮನೆತನದಲ್ಲಿ ಕಟ್ಟಿ ಹೇಳುವವನು ನಾನೊಬ್ಬನೇ.

ಅವಳು ಭೌತಶಾಸ್ತ್ರದ ಪದವಿಯಲ್ಲಿ ಎರಡನೇ ವರ್ಷ. ನಿಮ್ಮ ಶಿಬಿರ ಎರಡನೇ ವರ್ಷದವರಿಗೆ ಮಾತ್ರ. ಆದರೂ ಅರ್ಜಿಯಲ್ಲಿ ‘ಹಿಂದಿನ ಸಂಶೋಧನಾ ಅನುಭವ’ ಎಂಬ ಕಾಲಂ. ಹುಚ್ಚು ಬಿಡುವ ತನಕ ಮದುವೆಯಾಗುವುದಿಲ್ಲ, ಮದುವೆಯಾಗುವ ತನಕ ಹುಚ್ಚು ಬಿಡುವುದಿಲ್ಲ ಎಂಬ ಗಾದೆಯನ್ನು ಅಚ್ಚು ಹಾಕಿಸಿ ಕೆಳಗೆ ಸಹಿ ಕೇಳಿದ್ದೀರಿ. ಅನುಭವ ಎಲ್ಲಿಂದ ತರಬೇಕು ಸ್ವಾಮಿ? ಅವಳ ಕಾಲೇಜಿನ ಒಳ್ಳೆಯ ಉಪಕರಣಗಳೆಲ್ಲ ಗಾಜಿನ ಬೀರುವಿನಲ್ಲಿವೆ, ಬೀಗದ ಕೈ ರಜೆಯಲ್ಲಿದೆ.

ಆದ್ದರಿಂದ ಅವಳು ನನ್ನ ಅಂಗಡಿಗೆ ಬಂದಳು. ಮೂಲೆಯಲ್ಲೊಂದು ಹಳೆಯ ಎಲೆಕ್ಟ್ರಾನಿಕ್ ತಕ್ಕಡಿ ಬಿದ್ದಿತ್ತು. ಒಂದು ಕಿಲೋ ತೂಕದ ಬಟ್ಟು ಇಟ್ಟರೆ ಮಧ್ಯಾಹ್ನದ ಬಿಸಿಲಿಗೆ ನಾಲ್ಕು ಗ್ರಾಂ ಹೆಚ್ಚು ತೋರಿಸುತ್ತಿತ್ತು. ಸಂಜೆ ತಂಪಾದ ಮೇಲೂ ಆ ಹೆಚ್ಚಳ ತಕ್ಷಣ ಇಳಿಯುತ್ತಿರಲಿಲ್ಲ. ಯಾಕೆ ಎಂದು ಅವಳು ಎಂಟು ತಿಂಗಳು, ದಿನಕ್ಕೆ ಆರು ಸಲ, ತೂಕವನ್ನೂ ಉಷ್ಣಾಂಶವನ್ನೂ ಒಂದು ಪುಸ್ತಕದಲ್ಲಿ ಬರೆದಳು.

“ಅದಕ್ಕೆ ಜ್ವರ ಕಣೇ, ಮಾತ್ರೆ ಕೊಡು,” ಎಂದು ನಾನು ರೇಗಿಸುತ್ತಿದ್ದೆ.

“ಕಾಲೇಜಲ್ಲಿ ಉತ್ತರ ಮೊದಲೇ ಗೊತ್ತಿರುತ್ತೆ ಮಾವ. ಇದರ ಉತ್ತರ ನಂಗೂ ಗೊತ್ತಿಲ್ಲ, ನಮ್ಮ ಮೇಷ್ಟ್ರಿಗೂ ಗೊತ್ತಿಲ್ಲ. ಅದಕ್ಕೇ ಚೆನ್ನಾಗಿದೆ.”

ಕಾಲಂನಲ್ಲಿ ಅದನ್ನೇ ಬರೆದಳು. ನೀವು ಅವಳನ್ನು ಸಂದರ್ಶನಕ್ಕೆ ಕರೆದಿರಿ, ಅಂಗಡಿಯಿಂದಲೇ ವಿಡಿಯೋದಲ್ಲಿ ಮಾಡಿ ತೋರಿಸು ಎಂದಿರಿ. ಅಲ್ಲಿಯವರೆಗೆ ನಿಮ್ಮದು ದೊಡ್ಡ ಗುಣ.

ಇನ್ನು ನನ್ನದು. ದೊಡ್ಡ ದೊಡ್ಡ ವಿಜ್ಞಾನಿಗಳು ನನ್ನ ಅಂಗಡಿ ನೋಡುತ್ತಾರೆ, ಅಲ್ಲೊಂದು ಸುಳ್ಳು ತೂಗುವ ತಕ್ಕಡಿಯೇ? ಮೂವತ್ತೊಂದು ವರ್ಷದ ಕಸುಬಿನ ಮಾನ ಏನಾಗಬೇಕು? ಸಂದರ್ಶನದ ಹಿಂದಿನ ದಿನ ಅವಳು ಕಾಲೇಜಿಗೆ ಹೋಗಿದ್ದಾಗ ಅದರ ತೂಕ ಹಿಡಿಯುವ ಸೆನ್ಸರ್ ಬಿಚ್ಚಿ ಹೊಸದು ಹಾಕಿದೆ. ಉಜ್ಜಿ ಒರೆಸಿಯೂ ಇಟ್ಟೆ.

ಮರುದಿನ ನಿಮ್ಮ ಮೂವರ ಮುಖ ಪರದೆಯ ಮೇಲೆ ಬಂತು. ಅವಳು ಬಟ್ಟು ಇಟ್ಟಳು, ಪಕ್ಕದಲ್ಲಿ ಬಲ್ಬು ಹಚ್ಚಿ ಕಾಯಿಸಿದಳು. ಸಾವಿರ ಗ್ರಾಂ. ಮತ್ತೆ ಕಾಯಿಸಿದಳು. ಸಾವಿರವೇ. ನನ್ನ ಕಡೆ ತಿರುಗಿದಳು.

“ಮಾವ, ಇದನ್ನ ಮುಟ್ಟಿದ್ಯಾ?”

“ನಾನ್ಯಾಕಮ್ಮ ಮುಟ್ಲಿ? ನನ್ನ ಅಂಗಡಿ ತಕ್ಕಡಿ ಯಾವತ್ತಾದ್ರೂ ತಪ್ಪು ತೂಗುತ್ತಾ?” ಎಂದೆ. ನಿಮಗೆ ಕೇಳಿಸಲೆಂದೇ ಗಟ್ಟಿಯಾಗಿ ಎಂದೆ.

ಅವಳು ಒರೆಸಿದ ತಟ್ಟೆಯನ್ನು ನೋಡಿದಳು. ಅವಳಿಗೆ ತಿಳಿದುಹೋಯಿತು. ಆದರೂ ನಿಮಗೆ, “ಯಾಕೆ ಹೀಗಾಯ್ತೋ ಗೊತ್ತಿಲ್ಲ ಸರ್,” ಎಂದಷ್ಟೇ ಹೇಳಿದಳು. ಮಾವನ ಮಾನ ಉಳಿಸಿದಳು.

ಏಳು ನಿಮಿಷಕ್ಕೆ ನಿಮ್ಮ ಪರದೆ ಆರಿತು. ನಾಲ್ಕನೇ ದಿನ ‘ದತ್ತಾಂಶ ನಂಬಲರ್ಹವಲ್ಲ’ ಎಂಬ ಪತ್ರ. ಎಂಟು ತಿಂಗಳ ಪುಸ್ತಕವನ್ನು ಕ್ಯಾಮೆರಾದ ಮುಂದೆ ಹಿಡಿದಿದ್ದಳಲ್ಲ, ಒಂದು ಪುಟ ತಿರುಗಿಸು ಎನ್ನಲು ನಿಮ್ಮಲ್ಲಿ ಯಾರಿಗೂ ಬಾಯಿ ಬರಲಿಲ್ಲವೇ? ನಿನ್ನೆಯವರೆಗೆ ಕೆಟ್ಟಿದ್ದ ತಕ್ಕಡಿ ಇವತ್ತು ಸರಿಯಾದದ್ದು ಹೇಗೆಂದು ನೀವಾದರೂ ಕೇಳಬೇಡವೇ? ಅದಕ್ಕೇ ಅಲ್ಲವೇ ನಿಮಗೆ ಸಂಬಳ?

ಅವಳು ನನ್ನನ್ನು ಬೈಯಲಿಲ್ಲ. “ಹಳೇ ಸೆನ್ಸರ್ ಎಲ್ಲಿ ಮಾವ?” ಎಂದು ಒಂದೇ ಸಲ ಕೇಳಿದಳು. ಗುಜರಿಗೆ ಹಾಕಿದ್ದೆ. ಇಬ್ಬರೂ ಹೋಗಿ ರಾಶಿಯಲ್ಲಿ ಮಧ್ಯಾಹ್ನವೆಲ್ಲ ಹುಡುಕಿದೆವು, ಸಿಗಲಿಲ್ಲ. ಅಂದಿನಿಂದ ಅವಳು ಅಂಗಡಿಗೆ ಬಂದಿಲ್ಲ. ಬರುವ ವರ್ಷ ಅವಳು ಮೂರನೇ ವರ್ಷ. ನಿಮ್ಮ ಬಾಗಿಲು ಮುಚ್ಚಿರುತ್ತದೆ.

ನನ್ನ ಬೇಡಿಕೆ ಇಷ್ಟೇ. ಸುಳ್ಳು ಹೇಳಿದವನು ನಾನೆಂದು ನಿಮ್ಮ ಕಡತದಲ್ಲಿ ಬರೆಯಿರಿ. ಅವಳ ಪುಸ್ತಕವನ್ನು ತರಿಸಿ ಕೊನೆಯ ಪುಟದವರೆಗೆ ಓದಿರಿ. ಆಮೇಲೆ ಅವಳನ್ನು ಕರೆಯಿರಿ.

ಈ ಸಂದರ್ಶನಕ್ಕಾಗಿ ನಲವತ್ತು ಸಾವಿರ ಕಳೆದುಕೊಂಡೆನೆಂದು ಬೀದಿಯಲ್ಲೆಲ್ಲ ಹೇಳಿಕೊಂಡಿದ್ದೇನೆ. ಹೊಸ ಸೆನ್ಸರಿಗೆ ಕೊಟ್ಟದ್ದು ಆರುನೂರ ನಲವತ್ತು. ಹಳೆಯದಕ್ಕೆ ಗುಜರಿಯವನು ಇಪ್ಪತ್ತು ಕೊಟ್ಟ. ನಾನು ಕಳೆದುಕೊಂಡ ಹಣ ಆರುನೂರ ಇಪ್ಪತ್ತು ರೂಪಾಯಿ.

ಇಂತಿ,
ಕೇಳಿದಾಗ ಹೌದೆನ್ನದ
ಅವಳ ಸೋದರಮಾವ