ಅರವತ್ತಮೂರು ಗುಂಪಿಗೆ ಹಾಕಿದ ಫೋಟೋ

ಖಾತೆಗಳನ್ನು ನೋಡಿಕೊಳ್ಳುವ ಸಾಹೇಬರಿಗೆ,

ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ಅಕ್ಕ ಬಸ್ ನಿಲ್ದಾಣದಲ್ಲಿ ಕೂತಿದ್ದಳು, ಎಷ್ಟು ಕೂಗಿದರೂ ನನ್ನ ದನಿಯೇ ಹೊರಡಲಿಲ್ಲ. ಎದ್ದು ಫೋನ್ ನೋಡಿದರೆ ಗುಂಪುಗಳಿಗೆ ಫೋಟೋ ಹಾಕುವ ನನ್ನ ಖಾತೆಯನ್ನು ನೀವು ಮುಚ್ಚಿದ್ದೀರಿ. ಕಾರಣ ಸ್ಪ್ಯಾಮ್ ಅಂತ ಇದೆ.

ನಾನು ಆರನೇ ಕ್ಲಾಸಿಗೇ ಶಾಲೆ ಬಿಟ್ಟ ಹೊಲಿಗೆಯವಳು, ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಅಕ್ಕನಿಗೆ ಮರೆವಿನ ಕಾಯಿಲೆ. ಮಂಗಳವಾರ ನನ್ನ ಚಪ್ಪಲಿ ಮೆಟ್ಟಿಕೊಂಡು ಹೋದವಳು ಇನ್ನೂ ಬಂದಿಲ್ಲ. ಅವಳ ಫೋಟೋ, ಕೆಳಗೆ ನನ್ನ ನಂಬರು, ಅದನ್ನೇ ಕಾಪಿ ಮಾಡಿ ಅರವತ್ತಮೂರು ಗುಂಪಿಗೆ ಹಾಕಿದೆ. ಬೆಕ್ಕು ಸಾಕುವವರದ್ದು, ಹಳೇ ಸೈಕಲ್ ಮಾರುವವರದ್ದು, ಯಾವುದನ್ನೂ ಬಿಡಲಿಲ್ಲ. "ಅಕ್ಕನ್ನ ಎಷ್ಟಕ್ಕೆ ಮಾರ್ತೀರಾ?" ಅಂತ ಸೈಕಲ್ಲಿನವನೊಬ್ಬ ನಕ್ಕ. ನಗಲಿ, ಮುಖ ನೋಡಿದನಲ್ಲ.

ಮೇಲಿನ ಮನೆ ಮೇಷ್ಟ್ರು, "ಒಂದೇ ಮಾತನ್ನ ಊರೆಲ್ಲಾ ಒದರಿದರೆ ಅದೇ ಸ್ಪ್ಯಾಮ್ ಕಣಮ್ಮಾ" ಅಂದರು. ಕಳೆದುಹೋದವಳು ಒಬ್ಬಳೇ ಸಾಹೇಬರೇ, ಬಾಗಿಲಿಗೊಂದು ಮಾತು ಎಲ್ಲಿಂದ ತರಲಿ?

ಖಾತೆ ನಿಧಾನಕ್ಕೆ ತೆರೆಯಿರಿ, ಪರವಾಗಿಲ್ಲ. ಆದರೆ ಮೂರು ದಿನದಿಂದ ಒಂದು ಫೋನೂ ಬಂದಿಲ್ಲ. ನಂಬರು ಒತ್ತುವಾಗ ಕಣ್ಣು ಬಾಗಿಲ ಕಡೆಗೇ ಇತ್ತು. ಮೊದಲನೆಯದರಲ್ಲಿ ತಪ್ಪಿದ್ದರೆ ಅರವತ್ತಮೂರರಲ್ಲೂ ತಪ್ಪು. ಖಾತೆ ಮುಚ್ಚಿದ ಮೇಲೆ ಅದು ನನಗೆ ಕಾಣುವುದಿಲ್ಲ, ನಿಮಗೆ ಕಾಣುತ್ತದೆ. ನನ್ನ ನಂಬರಿನ ಕೊನೆಗೆ ನಾಲ್ಕು, ಆಮೇಲೆ ಒಂಬತ್ತು. ಫೋಟೋ ಕೆಳಗೆ ಹಾಗೇ ಇದೆಯಾ, ದಯವಿಟ್ಟು ಇನ್ನೊಂದು ಸಲ ನೋಡಿ ಹೇಳಿ.

ಫೋನ್ ಕೈಯಲ್ಲೇ ಹಿಡಿದು ಕೂತಿರುವ,
ಅವಳ ತಂಗಿ